ವಿಡಿಯೊ ಸಂಕಲನಕ್ಕೆ ಮನೆಯ ಕಂಪ್ಯೂಟರ್ ಸಾಲದೇ?

ಮನೆಯ ಹಿರಿಯರ ಸಹಸ್ರಚಂದ್ರ ದರ್ಶನ ಶಾಂತಿ ಮುಗಿದಿದೆ. ಮೂವರು ಮೊಮ್ಮಕ್ಕಳು ತಮ್ಮ ತಮ್ಮ ಮೊಬೈಲುಗಳಲ್ಲಿ ದಿನವಿಡೀ ಚಿತ್ರೀಕರಿಸಿದ್ದಾರೆ. ಬರಲಾಗದೇ ಹೋದ ಬಂಧುಗಳಿಗಾಗಿ ಅರ್ಧ ಗಂಟೆಯ ಚೊಕ್ಕ ಚಿತ್ರವೊಂದನ್ನು ಸಿದ್ಧಪಡಿಸಬೇಕೆಂಬುದು ಎಲ್ಲರ ಆಸೆ. ಏಳೆಂಟು ವರ್ಷ ಹಳೆಯದಾದ ಲ್ಯಾಪ್‌ಟಾಪಿಗೆ ಕಡತಗಳನ್ನೆಲ್ಲ ಇಳಿಸಿಕೊಂಡು ಸಂಕಲನದ ತಂತ್ರಾಂಶ ತೆರೆದರೆ ಚಿತ್ರ ಕುಂಟತೊಡಗುತ್ತದೆ. ಧ್ವನಿ ಮುಂದೆ ಹೋಗುತ್ತದೆ, ಚಿತ್ರ ಹಿಂದೆಯೇ ಉಳಿಯುತ್ತದೆ. ಕತ್ತರಿಸಬೇಕಾದ ಜಾಗದಲ್ಲಿ ನಿಲ್ಲಿಸಲಾಗದು. ಫ್ಯಾನು ಮಾತ್ರ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿರುತ್ತದೆ. ಅಂಗಡಿಯಲ್ಲಿ ವಿಚಾರಿಸಿದರೆ ಸಿಗುವ ಉತ್ತರ ಬಹುತೇಕ ಒಂದೇ: ‘ಇದಕ್ಕೆ ಪವರ್ ಸಾಲದು ಸಾರ್, ಹೊಸದು ತಗೊಳ್ಳಿ.’

ಈ ತೀರ್ಪು ಕೆಲವೊಮ್ಮೆ ನಿಜ. ಆದರೆ ಹೆಚ್ಚಿನ ಸಲ ಅವಸರದ್ದು. ಅದೇ ಲ್ಯಾಪ್‌ಟಾಪಿನಲ್ಲಿ ಅದೇ ಕಡತವನ್ನು ಸುಮ್ಮನೆ ನೋಡಲು ತೆರೆದರೆ ಅನೇಕ ವೇಳೆ ಅದು ನೀರು ಹರಿದಂತೆ ಓಡುತ್ತದೆ. ನೋಡುವಾಗ ಸಾಕಾಗುವ ಶಕ್ತಿ ಕತ್ತರಿಸುವಾಗ ಏಕೆ ಸಾಲುವುದಿಲ್ಲ? ಈ ಪ್ರಶ್ನೆಗೆ ಉತ್ತರ ತಿಳಿದುಕೊಂಡರೆ ಅರುವತ್ತು ಸಾವಿರವೋ ಒಂದು ಲಕ್ಷವೋ ರೂಪಾಯಿ ಖರ್ಚು ಮಾಡಬೇಕೇ ಬೇಡವೇ ಎಂಬುದನ್ನು ಮನೆಯವರೇ ನಿರ್ಧರಿಸಬಹುದು.

ಹಿಂದೆ ಹೇಗೆ ಸಾಧ್ಯವಾಗಿತ್ತು?

ಅಕ್ಟೋಬರ್ 1999ರಲ್ಲಿ ಆಪಲ್ ಸಂಸ್ಥೆ ‘ಐಮ್ಯಾಕ್ ಡಿವಿ’ ಎಂಬ ಗಣಕವನ್ನು ಮಾರುಕಟ್ಟೆಗೆ ತಂದಿತು. ಅದರೊಡನೆ ‘ಐಮೂವಿ’ ಎಂಬ ಸಂಕಲನ ತಂತ್ರಾಂಶವೂ ಬಂದಿತು. ಮನೆಯಲ್ಲೇ ಕುಳಿತು ಕ್ಯಾಮೆರಾದಿಂದ ಚಿತ್ರ ಇಳಿಸಿಕೊಂಡು, ಕತ್ತರಿಸಿ ಜೋಡಿಸುವ ಕೆಲಸ ಜನಸಾಮಾನ್ಯರ ಕೈಗೆ ಬಂದದ್ದು ಹೆಚ್ಚುಕಡಿಮೆ ಆ ಹೊತ್ತಿನಲ್ಲಿ. ಆ ಗಣಕದ ಪ್ರೊಸೆಸರ್ ವೇಗ 400 ಮೆಗಾಹರ್ಟ್ಸ್, ಮೆಮೊರಿ 64 ಎಂಬಿ, ಹಾರ್ಡ್ ಡಿಸ್ಕ್ 10 ಜಿಬಿ. ಇಂದು ತೀರಾ ಅಗ್ಗದ ಮೊಬೈಲು ಕೂಡ ಇದಕ್ಕಿಂತ ಹಲವು ಪಟ್ಟು ಬಲಶಾಲಿ. ಮಿನಿ ಡಿವಿ ಕ್ಯಾಸೆಟ್ಟಿನ ಒಂದು ಗಂಟೆಯ ಚಿತ್ರಕ್ಕೆ ಸುಮಾರು 13 ಜಿಬಿ ಜಾಗ ಬೇಕಿತ್ತು. ಅಂದರೆ ಒಂದು ಪೂರ್ತಿ ಕ್ಯಾಸೆಟ್ಟನ್ನು ಇಳಿಸಿಕೊಳ್ಳುವಷ್ಟು ಸ್ಥಳವೂ ಅದರಲ್ಲಿರಲಿಲ್ಲ! ಆದರೂ ಅದು ಕುಂಟದೆ ಸಂಕಲನ ಮಾಡುತ್ತಿತ್ತು.

ಗುಟ್ಟು ಇದ್ದದ್ದು ಯಂತ್ರದಲ್ಲಲ್ಲ, ಕಡತದಲ್ಲಿ. ವಿಡಿಯೊ ಎಂದರೆ ಒಂದು ಸೆಕೆಂಡಿಗೆ 25ರಂತೆಯೋ 30ರಂತೆಯೋ ಸರಸರನೆ ಸಾಗುವ ಬಿಡಿಚಿತ್ರಗಳ ಸಾಲು. ಈ ಬಿಡಿಚಿತ್ರಕ್ಕೇ ಫ್ರೇಮ್ ಎಂದು ಹೆಸರು. ಡಿವಿ ಪದ್ಧತಿಯಲ್ಲಿ ಪ್ರತಿಯೊಂದು ಫ್ರೇಮನ್ನೂ ಸ್ವತಂತ್ರವಾಗಿ ಅಡಕಗೊಳಿಸಿ ಇಡಲಾಗುತ್ತಿತ್ತು. ಯಾವ ಫ್ರೇಮ್ ಬೇಕೋ ಅದನ್ನಷ್ಟೇ ಎತ್ತಿ, ಬಿಡಿಸಿ, ತೋರಿಸಿದರೆ ಮುಗಿಯಿತು. ಹಿಂದಿನದರ ಹಂಗೂ ಇಲ್ಲ, ಮುಂದಿನದರ ಹಂಗೂ ಇಲ್ಲ. ಜಾಗ ಹೆಚ್ಚು ಬೇಕು, ಕೆಲಸ ಕಡಿಮೆ.

ಮೊಬೈಲುಗಳದ್ದು ಇದಕ್ಕೆ ತದ್ವಿರುದ್ಧವಾದ ಕ್ರಮ. 2003ರಲ್ಲಿ ರೂಪುಗೊಂಡ ಎಚ್.264 ಹಾಗೂ 2013ರಲ್ಲಿ ಬಂದ ಎಚ್.265 ಅಥವಾ ಎಚ್‌ಇವಿಸಿ ಎಂಬ ಮಾನಕಗಳು ಜಾಗ ಉಳಿಸುವುದರಲ್ಲಿ ಮಹಾ ಜಾಣ. ಅಲ್ಲೊಂದು ಇಲ್ಲೊಂದು ಪೂರ್ಣ ಚಿತ್ರವನ್ನಿಟ್ಟು, ನಡುವಿನ ಫ್ರೇಮ್‌ಗಳಲ್ಲಿ ‘ಹಿಂದಿನದಕ್ಕಿಂತ ಇಲ್ಲಿ ಬದಲಾದದ್ದೇನು’ ಎಂಬುದನ್ನಷ್ಟೇ ಅವು ಬರೆದಿಡುತ್ತವೆ.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ತಿಂಗಳ ಮೊದಲ ದಿನ ಹಳೆಯ ಬಾಕಿ ಬರೆದಿರುತ್ತದೆ. ಅನಂತರ ದಿನದಿನ ತೆಗೆದುಕೊಂಡದ್ದು, ಕೊಟ್ಟದ್ದು ಮಾತ್ರ. ಹದಿನೇಳನೆಯ ತಾರೀಖಿನಂದು ಬಾಕಿ ಎಷ್ಟಿತ್ತು ಎಂದು ಯಾರಾದರೂ ಕೇಳಿದರೆ ಒಂದನೆಯ ತಾರೀಖಿನಿಂದ ಕೂಡಿಸಿ ಕಳೆಯುತ್ತ ಬರಬೇಕು. ಪುಟದ ಮೇಲಿಂದ ಕೆಳಕ್ಕೆ ಓದುತ್ತಾ ಹೋಗುವವನಿಗೆ ಇದರಲ್ಲಿ ಕಷ್ಟವಿಲ್ಲ. ವಿಡಿಯೊ ನೋಡುವ ತಂತ್ರಾಂಶ ಮಾಡುವುದು ಇಷ್ಟನ್ನೇ. ಆದರೆ ಸಂಕಲನಕಾರ ಹಾಗಲ್ಲ. ಆತ ಹದಿನೇಳಕ್ಕೆ ಹಾರುತ್ತಾನೆ, ಒಂಬತ್ತಕ್ಕೆ ಹಿಂದೆ ಬರುತ್ತಾನೆ, ಮತ್ತೆ ಇಪ್ಪತ್ತೆರಡಕ್ಕೆ ಜಿಗಿಯುತ್ತಾನೆ. ಒಂದು ದೃಶ್ಯ ಇನ್ನೊಂದರಲ್ಲಿ ಕರಗುವಂತೆ ಮಾಡಿದರೆ ಒಟ್ಟಿಗೇ ಎರಡು ಪುಸ್ತಕಗಳ ಲೆಕ್ಕ. ಹೀಗೆ ಪ್ರತಿ ಸಲವೂ ಮೊದಲಿನಿಂದ ಕೂಡಿಸುತ್ತ ಬರಬೇಕಾದ ಪ್ರೊಸೆಸರ್ ಏದುಸಿರು ಬಿಡುವುದರಲ್ಲಿ ಅಚ್ಚರಿಯಿಲ್ಲ.

ಕೆಲಸದ ಗಾತ್ರವನ್ನು ಅಂಕಿಗಳಲ್ಲಿ ನೋಡಬಹುದು. ನಮ್ಮಲ್ಲಿ ಬಳಕೆಯಲ್ಲಿದ್ದ ಡಿವಿ ಚಿತ್ರದ ಒಂದು ಫ್ರೇಮ್‌ನಲ್ಲಿ 4,14,720 ಚುಕ್ಕೆಗಳು. 4ಕೆ ಚಿತ್ರದ ಒಂದು ಫ್ರೇಮ್‌ನಲ್ಲಿ 82,94,400, ಸರಿಯಾಗಿ 20 ಪಟ್ಟು. ಐಫೋನ್‌ನಲ್ಲಿ ಎಚ್.265 ಕ್ರಮದಲ್ಲಿ ಸೆಕೆಂಡಿಗೆ 30 ಫ್ರೇಮ್‌ಗಳಂತೆ 4ಕೆ ಚಿತ್ರ ತೆಗೆದರೆ ಒಂದು ನಿಮಿಷಕ್ಕೆ ಸುಮಾರು 170 ಎಂಬಿ ಎಂಬುದು ಆಪಲ್ ಕೊಡುವ ಲೆಕ್ಕ. ಸೆಕೆಂಡಿಗೆ ಮೂರು ಎಂಬಿಯೂ ಆಗಲಿಲ್ಲ. ಅದೇ ಚಿತ್ರ ಬಿಡಿಸಿಕೊಂಡು ಪರದೆಯ ಮೇಲೆ ಮೂಡುವ ಹೊತ್ತಿಗೆ, ಚುಕ್ಕೆಗೆ ಮೂರು ಬೈಟ್‌ನಂತೆ, ಸೆಕೆಂಡಿಗೆ ಸುಮಾರು 746 ಎಂಬಿ ಆಗಿರುತ್ತದೆ. ಚಿಟಿಕೆಯಷ್ಟನ್ನು ಮೂಟೆಯಷ್ಟಾಗಿಸುವ ಈ ಕೆಲಸ ಸೆಕೆಂಡ್ ಸೆಕೆಂಡಿಗೂ ನಡೆಯಬೇಕು. ಆದ್ದರಿಂದ ‘ಕಡತ ಚಿಕ್ಕದು, ಕಂಪ್ಯೂಟರಿಗೆ ಹಗುರ’ ಎಂಬ ತಿಳಿವಳಿಕೆ ವಿಡಿಯೊ ವಿಷಯದಲ್ಲಿ ತಲೆಕೆಳಗು.

ಶಕ್ತಿಯಲ್ಲ, ಪರಿಚಯ

ಇಷ್ಟು ದೊಡ್ಡ ಕೆಲಸವನ್ನು ಮುಖ್ಯ ಪ್ರೊಸೆಸರಿನ ತಲೆಗೆ ಕಟ್ಟಬಾರದೆಂದು ಚಿಪ್ ತಯಾರಕರು ವಿಡಿಯೊ ಬಿಡಿಸುವುದಕ್ಕೆಂದೇ ಒಂದು ಪ್ರತ್ಯೇಕ ಭಾಗವನ್ನು ಚಿಪ್‌ನೊಳಗೆ ಇಡತೊಡಗಿದರು. ಇಂಟೆಲ್ ಪ್ರೊಸೆಸರುಗಳಲ್ಲಿ ‘ಕ್ವಿಕ್ ಸಿಂಕ್’ ಎಂಬ ಹೆಸರಿನಲ್ಲಿ ಇದು ಕಾಣಿಸಿಕೊಂಡದ್ದು 2011ರಲ್ಲಿ. ಈ ಭಾಗಕ್ಕೆ ಒಂದು ವಿಚಿತ್ರ ಗುಣವಿದೆ. ತನಗೆ ಪರಿಚಯವಿರುವ ಕ್ರಮದ ಕಡತವನ್ನು ಅದು ಲೀಲಾಜಾಲವಾಗಿ ಬಿಡಿಸುತ್ತದೆ. ಪರಿಚಯವಿಲ್ಲದ್ದು ಬಂದರೆ ಮುಟ್ಟುವುದೇ ಇಲ್ಲ. ಆಗ ಇಡೀ ಹೊರೆ ಮುಖ್ಯ ಪ್ರೊಸೆಸರಿನ ಮೇಲೆ ಬೀಳುತ್ತದೆ.

ಉದಾಹರಣೆಗೆ, ಎಚ್.265ರಲ್ಲೇ ಎರಡು ಬಗೆ. ಪ್ರತಿ ಮೂಲವರ್ಣಕ್ಕೆ 256 ಛಾಯೆಗಳುಳ್ಳ 8 ಬಿಟ್‌ನದು ಒಂದು, 1024 ಛಾಯೆಗಳುಳ್ಳ 10 ಬಿಟ್‌ನದು ಇನ್ನೊಂದು. ಮೊಬೈಲಿನಲ್ಲಿ ‘ಎಚ್‌ಡಿಆರ್’ ಎಂದು ತೆಗೆದದ್ದು ಎರಡನೆಯ ಬಗೆಗೆ ಸೇರುತ್ತದೆ. ಇಂಟೆಲ್‌ನ 7ನೇ ತಲೆಮಾರಿನ ಪ್ರೊಸೆಸರುಗಳಿಂದೀಚೆಗೆ ಈ 10 ಬಿಟ್ ಕಡತಗಳನ್ನು ಚಿಪ್ ತಾನೇ ಬಿಡಿಸಬಲ್ಲದು. ಅವು ಮೇಜಿನ ಗಣಕಗಳಿಗೆ ಬಂದದ್ದು 2017ರ ಆರಂಭದಲ್ಲಿ. ಅಂದರೆ 2015ರಲ್ಲಿ ದುಬಾರಿ ಬೆಲೆ ತೆತ್ತು ಕೊಂಡ ಯಂತ್ರ ಸೋಲುವ ಕಡೆ, 2018ರ ಸಾಧಾರಣ ಲ್ಯಾಪ್‌ಟಾಪ್ ಗೆಲ್ಲಬಹುದು.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಈಚಿನ ಕೆಲವು ಕ್ಯಾಮೆರಾಗಳು ಬಣ್ಣದ ವಿವರಗಳನ್ನು ಹೆಚ್ಚಾಗಿ ಉಳಿಸಿಕೊಳ್ಳುವ ‘4:2:2’ ಎಂಬ ಕ್ರಮದಲ್ಲಿ 10 ಬಿಟ್ ಎಚ್.265 ಕಡತಗಳನ್ನು ಕೊಡುತ್ತವೆ. ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರಿನೊಳಗೇ ಅಡಗಿರುವ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಗ್ರಾಫಿಕ್ಸ್ ಭಾಗ ಇವನ್ನು ಬಿಡಿಸಬಲ್ಲದು. ಎನ್‌ವಿಡಿಯಾದ ಗ್ರಾಫಿಕ್ಸ್ ಕಾರ್ಡುಗಳಿಗಾದರೋ ಆಟಗಳಲ್ಲಿ ಎದುರಾಳಿಯೇ ಇಲ್ಲ. ಆದರೆ ಆ ಸಂಸ್ಥೆ ಜನಸಾಮಾನ್ಯರಿಗೆ ಮಾರುವ ಕಾರ್ಡುಗಳಿಗೆ ಈ ಸಾಮರ್ಥ್ಯ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕೂ ಮುಂಚಿನ ಕಾರ್ಡಿಗೆ ಲಕ್ಷ ರೂಪಾಯಿ ಸುರಿದವರೂ ಈ ಕಡತಗಳ ಮುಂದೆ ಕೈಚೆಲ್ಲಿ ಕುಳಿತದ್ದುಂಟು. ಹೀಗಿರುವಾಗ ‘ಪವರ್ ಸಾಲದು’ ಎಂಬ ಒಂದೇ ಮಾತಿನಲ್ಲಿ ವಿಷಯವನ್ನು ಮುಗಿಸುವುದು ಸರಿಯಲ್ಲ. ಹೊಸದಾಗಿ ಕೊಳ್ಳುವವರು ಗಮನಿಸಬೇಕಾದ ಅಂಶವೂ ಇಲ್ಲೊಂದಿದೆ. ಇಂಟೆಲ್‌ನ ಕೆಲವು ಮೇಜಿನ ಪ್ರೊಸೆಸರುಗಳ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿರುತ್ತದೆ. ಬೆಲೆ ಸ್ವಲ್ಪ ಕಡಿಮೆ, ಆದರೆ ಒಳಗೆ ಗ್ರಾಫಿಕ್ಸ್ ಭಾಗವಿಲ್ಲ. ಆದ್ದರಿಂದ ಕ್ವಿಕ್ ಸಿಂಕ್ ಕೂಡ ಇಲ್ಲ.

ಮನೆಯ ಯಂತ್ರಕ್ಕೆ ತೊಂದರೆ ಎಲ್ಲಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಾಗಿಲ್ಲ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗವನ್ನು ಪರದೆಯ ಒಂದು ಬದಿಯಲ್ಲಿ ತೆರೆದಿಟ್ಟು, ಇನ್ನೊಂದು ಬದಿಯಲ್ಲಿ ವಿಡಿಯೊವನ್ನು ಓಡಿಸಬೇಕು. ಜಿಪಿಯು ಭಾಗದ ‘ವಿಡಿಯೊ ಡಿಕೋಡ್’ ರೇಖೆ ಏರಿ, ಸಿಪಿಯು ಆರಾಮವಾಗಿದ್ದರೆ ಚಿಪ್‌ಗೆ ಆ ಕಡತದ ಪರಿಚಯವಿದೆ ಎಂದರ್ಥ. ರೇಖೆ ನೆಲ ಕಚ್ಚಿದ್ದು ಸಿಪಿಯು ನೂರಕ್ಕೆ ನೂರು ತಲುಪಿದ್ದರೆ ಪರಿಚಯವಿಲ್ಲ. ಇವೆರಡೂ ಸುಮ್ಮನಿದ್ದು ಡಿಸ್ಕ್ ಮಾತ್ರ ನೂರರ ಬಳಿ ಸುಳಿಯುತ್ತಿದ್ದರೆ ರೋಗ ಬೇರೆಯೇ. ಒಂದೋ ಡಿಸ್ಕ್ ನಿಧಾನದ್ದು, ಇಲ್ಲವೇ ಮೆಮೊರಿ ಸಾಲದೆ ಯಂತ್ರ ಡಿಸ್ಕನ್ನೇ ಮೆಮೊರಿಯಂತೆ ಬಳಸಿಕೊಳ್ಳುತ್ತಿದೆ. ಕಡತ ಯಾವ ಕ್ರಮದ್ದು ಎಂಬುದನ್ನು ‘ಮೀಡಿಯಾಇನ್ಫೊ’ ಎಂಬ ಉಚಿತ ತಂತ್ರಾಂಶ ಹೇಳುತ್ತದೆ. ಹತ್ತು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಅಂಗಡಿಗೆ ಹೋಗುವುದು, ಜ್ವರ ನೋಡಿಕೊಳ್ಳದೆ ಔಷಧಿ ಕೊಂಡಂತೆ.

ನಕಲು ಪ್ರತಿಯ ಉಪಾಯ

ಪರಿಚಯವಿಲ್ಲವೆಂದು ಗೊತ್ತಾಯಿತು ಎಂದಿಟ್ಟುಕೊಳ್ಳೋಣ. ಆಗಲೂ ಹೊಸ ಯಂತ್ರ ಅನಿವಾರ್ಯವಲ್ಲ. ಸಿನಿಮಾ ಇನ್ನೂ ಫಿಲ್ಮ್ ಸುರುಳಿಯಲ್ಲಿದ್ದ ಕಾಲದಲ್ಲಿ ಸಂಕಲನಕಾರರು ಮೂಲ ನೆಗೆಟಿವ್‌ಗೆ ಕತ್ತರಿ ಹಾಕುತ್ತಿರಲಿಲ್ಲ. ಅದರಿಂದ ಮಾಡಿಸಿದ ವರ್ಕ್ ಪ್ರಿಂಟ್ ಎಂಬ ಪ್ರತಿಯನ್ನು ಕತ್ತರಿಸಿ, ಅಂಟಿಸಿ, ಮತ್ತೆ ಬಿಡಿಸಿ ಚಿತ್ರವನ್ನು ಹದಕ್ಕೆ ತರುತ್ತಿದ್ದರು. ಎಲ್ಲ ಒಪ್ಪಿತವಾದ ಮೇಲಷ್ಟೇ ಆ ಪ್ರತಿಗೆ ಸರಿಹೊಂದುವಂತೆ ನೆಗೆಟಿವ್ ಕತ್ತರಿಸಲಾಗುತ್ತಿತ್ತು. ಕಂಪ್ಯೂಟರಿನಲ್ಲಿ ಇದೇ ಕ್ರಮಕ್ಕೆ ಪ್ರಾಕ್ಸಿ ಎಂದು ಹೆಸರು.

ತಂತ್ರಾಂಶವು ಪ್ರತಿಯೊಂದು ಮೂಲ ಕಡತಕ್ಕೂ ಸುಲಭವಾಗಿ ಬಿಡಿಸಬಹುದಾದ, ಕಡಿಮೆ ಚುಕ್ಕೆಗಳ ಒಂದು ನಕಲು ಪ್ರತಿ ಮಾಡಿಕೊಳ್ಳುತ್ತದೆ. ಸಂಕಲನವೆಲ್ಲ ಆ ಪ್ರತಿಯ ಮೇಲೆ ನಡೆಯುತ್ತದೆ. ಕೊನೆಗೆ ಚಿತ್ರವನ್ನು ಹೊರತೆಗೆಯುವಾಗ ತಂತ್ರಾಂಶ ಮೂಲ ಕಡತಗಳಿಗೆ ಮರಳುತ್ತದೆ. ಆದ್ದರಿಂದ ಅಂತಿಮ ಚಿತ್ರದ ಗುಣಮಟ್ಟದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗದು. ಅಡೋಬಿ ಪ್ರೀಮಿಯರ್‌ನಲ್ಲಿ ಈ ಸೌಲಭ್ಯ 2016ರಲ್ಲಿ ಬಂತು. ಹಣ ಕೊಡದೆ ಬಳಸಬಹುದಾದ ಕೆಡೆನ್‌ಲೈವ್, ಶಾಟ್‌ಕಟ್, ಹಾಗೂ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೂ ಇದು ಇದೆ. 1280×720 ಚುಕ್ಕೆಗಳ ಪ್ರತಿ ಮಾಡಿಕೊಂಡರೆ 4ಕೆ ಚಿತ್ರದ ಒಂಬತ್ತನೆಯ ಒಂದು ಪಾಲು ಚುಕ್ಕೆಗಳನ್ನು ಮಾತ್ರ ಯಂತ್ರ ನಿಭಾಯಿಸಬೇಕಾಗುತ್ತದೆ.

ಈ ಪ್ರತಿಗಳನ್ನು ಡಿವಿಯಂತೆಯೇ ಪ್ರತಿ ಫ್ರೇಮನ್ನೂ ಸ್ವತಂತ್ರವಾಗಿಡುವ ಕ್ರಮದಲ್ಲಿ ಮಾಡಿಕೊಳ್ಳುವುದು ಲೇಸು. ಆಪಲ್‌ನ ಪ್ರೊರೆಸ್ ಪ್ರಾಕ್ಸಿ ಅಂಥದ್ದು. 1920×1080 ಗಾತ್ರದಲ್ಲಿ ಅದಕ್ಕೆ ಸೆಕೆಂಡಿಗೆ ಸುಮಾರು 45 ಮೆಗಾಬಿಟ್ ಬೇಕು, ಅಂದರೆ ಗಂಟೆಗೆ ಸುಮಾರು 20 ಜಿಬಿ. ಮೊಬೈಲಿನ ಮೂಲ ಕಡತವೇ ಗಂಟೆಗೆ ಹತ್ತು ಜಿಬಿ ಚಿಲ್ಲರೆ ಇರುವಾಗ ‘ಹಗುರ’ ಪ್ರತಿ ಅದರ ಎರಡು ಪಟ್ಟು! ಮೊದಲ ಸಲ ಇದನ್ನು ಕಂಡವರು ಏನೋ ತಪ್ಪಾಗಿದೆ ಎಂದುಕೊಂಡು ಅಳಿಸಿಹಾಕುವುದೂ ಉಂಟು. ತಪ್ಪೇನೂ ಆಗಿಲ್ಲ. ಉದ್ರಿ ಪುಸ್ತಕದ ಪ್ರತಿ ಸಾಲಿನಲ್ಲೂ ಪೂರ್ಣ ಬಾಕಿಯನ್ನು ಬರೆಯಲಾಗಿದೆ, ಅಷ್ಟೆ. ಪುಸ್ತಕ ದಪ್ಪವಾಯಿತು, ಲೆಕ್ಕ ತಪ್ಪಿತು.

ಹಳೆಯ ಯಂತ್ರ ಇದಕ್ಕೆ ಬೇಡುವ ಬೆಲೆ ಸಮಯ. ನಕಲು ಪ್ರತಿ ತಯಾರಿಸಲು ಹಲವು ಗಂಟೆ ಹಿಡಿಯಬಹುದು, ಕೊನೆಯಲ್ಲಿ ಚಿತ್ರ ಹೊರತೆಗೆಯಲು ಇನ್ನಷ್ಟು. ರಾತ್ರಿ ಮಲಗುವ ಮುನ್ನ ಕೆಲಸ ಹಚ್ಚಿಟ್ಟರೆ ಬೆಳಿಗ್ಗೆಗೆ ಸಿದ್ಧ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಡದೆ ಮೇಜಿನ ಮೇಲಿಡುವುದು ಅಗತ್ಯ. ಗಾಳಿಯಾಡದೆ ಬಿಸಿಯೇರಿದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿ ವೇಗ ತಗ್ಗಿಸುತ್ತದೆ. ಮೇಜಿನ ಗಣಕವಾದರೆ ಯುಪಿಎಸ್ ಇಲ್ಲದೆ ರಾತ್ರಿಯ ಕೆಲಸಕ್ಕೆ ಹಚ್ಚುವುದು ಬೇಡ. ಕರೆಂಟಿನ ವಿಷಯ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಣ ಹಾಕಲೇಬೇಕೆಂದಿದ್ದರೆ ಮೊದಲು ಹಾಕಬೇಕಾದದ್ದು ಡಿಸ್ಕ್ ಮತ್ತು ಮೆಮೊರಿಗೆ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ ಓದಿದರೆ, ಸಾಧಾರಣ ಸಾಟಾ ಎಸ್‌ಎಸ್‌ಡಿ 500ಕ್ಕೂ ಹೆಚ್ಚು ಓದುತ್ತದೆ. ಅಲ್ಲಲ್ಲಿ ಹಾರಿ ಹಾರಿ ಓದುವಾಗಂತೂ ಎರಡಕ್ಕೂ ಅಜಗಜಾಂತರ. ಪೆನ್ ಡ್ರೈವ್‌ನಲ್ಲಿರುವ ಕಡತವನ್ನು ಅಲ್ಲಿಂದಲೇ ಸಂಕಲಿಸಲು ಹೊರಡುವುದು ಮಾತ್ರ ಯಾವ ಯಂತ್ರದಲ್ಲೂ ಸಲ್ಲದು. ಮೆಮೊರಿಯ ವಿಷಯದಲ್ಲಿ, ಪ್ರೀಮಿಯರ್‌ಗೆ ಕನಿಷ್ಠ 8 ಜಿಬಿ ಬೇಕೆಂದೂ ಎಚ್‌ಡಿ ಚಿತ್ರಕ್ಕೆ 16 ಜಿಬಿ ಇದ್ದರೆ ಒಳಿತೆಂದೂ ಅಡೋಬಿ ಹೇಳುತ್ತದೆ. ತೆಳು ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುವುದರಿಂದ ಹೆಚ್ಚಿಸಲಾಗದು ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಕೃತಕ ಬುದ್ಧಿಮತ್ತೆಯ ದತ್ತ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿದೆ. ಇರುವುದನ್ನೇ ಪಳಗಿಸಿಕೊಳ್ಳುವುದಕ್ಕೆ ಇದು ಇನ್ನೊಂದು ಕಾರಣ.

ನಿಜವಾಗಿ ಸಾಲದಿರುವುದು ಯಾವಾಗ?

ಎಲ್ಲ ಹಳೆಯ ಯಂತ್ರಗಳೂ ಎಲ್ಲ ಕೆಲಸಕ್ಕೂ ಸಾಕೆಂದು ಇದರ ಅರ್ಥವಲ್ಲ. 4 ಜಿಬಿ ಮೆಮೊರಿಯ ಯಂತ್ರದಲ್ಲಿ ಪ್ರಾಕ್ಸಿ ಉಪಾಯವೂ ಹೆಚ್ಚು ದೂರ ನಡೆಯದು. ಕತ್ತಲಲ್ಲಿ ತೆಗೆದ ಚಿತ್ರದ ಕಾಳುಕಾಳನ್ನು ಹೋಗಲಾಡಿಸುವುದು, ಅಲುಗಾಡಿದ ದೃಶ್ಯವನ್ನು ಸ್ಥಿರಗೊಳಿಸುವುದು, ವ್ಯಕ್ತಿಯ ಹಿನ್ನೆಲೆಯನ್ನಷ್ಟೇ ಬದಲಿಸುವುದು ಮುಂತಾದವು ಚುಕ್ಕೆ ಚುಕ್ಕೆಯನ್ನೂ ಲೆಕ್ಕ ಹಾಕುವ ಕೆಲಸಗಳು. ಇಲ್ಲಿ ನಿಜಕ್ಕೂ ಬಲ ಬೇಕು. ಡಾವಿಂಚಿ ರಿಸಾಲ್ವ್ ಗ್ರಾಫಿಕ್ಸ್ ಕಾರ್ಡನ್ನೇ ಬಲವಾಗಿ ನೆಚ್ಚಿಕೊಂಡ ತಂತ್ರಾಂಶ. ಅದು ಓಡದ ಹಳೆಯ ಗಣಕದಲ್ಲಿ ಶಾಟ್‌ಕಟ್ ಸಲೀಸಾಗಿ ಓಡಬಹುದು. ವಾರಕ್ಕೆರಡು ಮದುವೆಯ ವಿಡಿಯೊ ಮಾಡಿ ಹೊತ್ತಿಗೆ ಸರಿಯಾಗಿ ತಲುಪಿಸಬೇಕಾದ ಸ್ಟುಡಿಯೊದವರಿಗೆ ರಾತ್ರಿಯಿಡೀ ಕಾಯುವ ಸಲಹೆ ಪ್ರಯೋಜನಕ್ಕೆ ಬಾರದು. ಅವರ ಪಾಲಿಗೆ ಸಮಯವೇ ಸಂಪಾದನೆ. ಹೊಸ ಯಂತ್ರ ಅವರಿಗೆ ಖರ್ಚಲ್ಲ, ಬಂಡವಾಳ. ವರ್ಷಕ್ಕೆ ಮೂರೋ ನಾಲ್ಕೋ ಚಿತ್ರ ಮಾಡುವ ಮನೆಯವರ ಮಾತು ಬೇರೆ.

ಅಂಥವರು ಮುಂದಿನ ಸಲ ಚಿತ್ರೀಕರಿಸುವಾಗಲೇ ತುಸು ಯೋಚಿಸಿದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಬಂಧುಗಳು ನೋಡುವುದು ಮೊಬೈಲಿನಲ್ಲೋ ಹಜಾರದ ಟಿ.ವಿ.ಯಲ್ಲೋ ಆದರೆ 4ಕೆಯ ಕಾಲುಭಾಗ ಚುಕ್ಕೆಗಳಿರುವ 1920×1080 ಧಾರಾಳವಾಗಿ ಸಾಕು. ಐಫೋನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್ ಅಡಿಯಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಕೊಂಡರೆ ಎಚ್.265ರ ಬದಲು ಹಳೆಯ ಎಚ್.264 ಸಿಗುತ್ತದೆ. ಮೊಬೈಲುಗಳು ಬೆಳಕಿಗೆ ತಕ್ಕಂತೆ ಸೆಕೆಂಡಿನ ಫ್ರೇಮ್ ಸಂಖ್ಯೆಯನ್ನು ಹೆಚ್ಚುಕಡಿಮೆ ಮಾಡುವುದರಿಂದ ದೀರ್ಘ ದೃಶ್ಯಗಳಲ್ಲಿ ತುಟಿಯೂ ಮಾತೂ ಹೊಂದದೆ ಹೋಗುವುದುಂಟು. ಇದನ್ನೂ ಕಂಪ್ಯೂಟರಿನ ಅಶಕ್ತಿ ಎಂದು ಭಾವಿಸುವವರಿದ್ದಾರೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ಸಂಖ್ಯೆ ಸ್ಥಿರವಾಗಿರುವಂತೆ ಪರಿವರ್ತಿಸಿಕೊಂಡರೆ ದೋಷ ನಿವಾರಣೆಯಾಗುತ್ತದೆ.

ಕನ್ನಡಿಗರಿಗೆ ಎದುರಾಗುವ ವಿಶೇಷ ತೊಡಕೊಂದು ಇದೇ ಜಾತಿಗೆ ಸೇರಿದ್ದು. ಚಿತ್ರದ ಶೀರ್ಷಿಕೆಯನ್ನು ಕನ್ನಡದಲ್ಲಿ ಹಾಕಲು ಹೊರಟರೆ ಒತ್ತಕ್ಷರಗಳು ಕಳಚಿಕೊಂಡು ಬಿಡಿಬಿಡಿಯಾಗಿ ನಿಲ್ಲುತ್ತವೆ. ಪ್ರೀಮಿಯರ್‌ನ ಗ್ರಾಫಿಕ್ಸ್ ಆದ್ಯತೆಗಳಲ್ಲಿ ‘ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್’ ಎಂಬ ಆಯ್ಕೆಯನ್ನು ಚಾಲನೆಗೊಳಿಸಿದರೆ ಅವು ಸ್ವಸ್ಥಾನಕ್ಕೆ ಮರಳುತ್ತವೆ. ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಬೆರಳಚ್ಚಿಸಿದ್ದನ್ನು ನಕಲಿಸಿ ಅಂಟಿಸಿದರೆ ಏನೂ ಮಾಡಲಾಗದು, ಯೂನಿಕೋಡಿನಲ್ಲಿ ಮತ್ತೆ ಬರೆಯುವುದೇ ದಾರಿ. ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ಫಾಂಟ್ ಪರದೆಯ ಮೇಲೆ ಸ್ಫುಟವಾಗಿ ಕಾಣುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಅಕ್ಟೋಬರ್ 14, 2025ರಂದು ಕೊನೆಗೊಂಡಿದೆ. ಇಂಟೆಲ್ ಪ್ರೊಸೆಸರುಗಳ ಪೈಕಿ ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹವಾದವು ಬಹುಮಟ್ಟಿಗೆ 8ನೇ ತಲೆಮಾರಿನಿಂದೀಚಿನವು. ಹೀಗಾಗಿ ಅನೇಕ ಮನೆಗಳಲ್ಲಿ ಹಳೆಯ ಗಣಕ ಗುಜರಿಯ ದಾರಿ ಹಿಡಿಯುತ್ತಿದೆ. ಬ್ಯಾಂಕಿನ ವ್ಯವಹಾರಕ್ಕೆ ಅದನ್ನು ಬಳಸದಿರುವುದೇ ಕ್ಷೇಮ, ನಿಜ. ಆದರೆ ಅಂತರ್ಜಾಲದ ಸಂಪರ್ಕ ತಪ್ಪಿಸಿ ಸಂಕಲನಕ್ಕಷ್ಟೇ ಮೀಸಲಿಡಲು ಅಡ್ಡಿಯಿಲ್ಲ.

ಅಟ್ಟದ ಮೇಲಿರುವುದು ಇನ್ನೂ ಹಳೆಯದಾದರೆ, 2000ದ ದಶಕದ್ದಾದರೆ, ಅದನ್ನು ಕೊಡುವ ಮುನ್ನ ಹಿಂಬದಿಯನ್ನೊಮ್ಮೆ ನೋಡಬೇಕು. ಆ ಕಾಲದ ಕೆಲವು ಯಂತ್ರಗಳಲ್ಲಿ ಫೈರ್‌ವೈರ್ ಎಂಬ ಕಿಂಡಿಯಿದೆ. ಡಿವಿ ಕ್ಯಾಮೆರಾಗಳಿಂದ ಚಿತ್ರವನ್ನು ಇದ್ದದ್ದು ಇದ್ದಂತೆ ಇಳಿಸಿಕೊಳ್ಳಲು ಬಳಕೆಯಲ್ಲಿದ್ದದ್ದು ಅದೇ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿ ಇಲ್ಲ. ಆಪಲ್ ಕೂಡ 2025ರ ಮ್ಯಾಕ್‌ಒಎಸ್ ಟಾಹೊ ಆವೃತ್ತಿಯಲ್ಲಿ ಫೈರ್‌ವೈರ್ ಬೆಂಬಲವನ್ನು ಕೈಬಿಟ್ಟಿತು. ವಿಎಚ್‌ಎಸ್ ಕ್ಯಾಸೆಟ್ಟುಗಳ ಕಥೆ ಇನ್ನೂ ಹಿಂದೆಯೇ ಮುಗಿದಿತ್ತು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಸಂಸ್ಥೆ, ಜಪಾನಿನ ಫುನಾಯ್, 2016ರಲ್ಲಿ ಉತ್ಪಾದನೆ ನಿಲ್ಲಿಸಿತು. ಹಾಗಾಗಿ ಇಪ್ಪತ್ತು ವರ್ಷದ ಹಿಂದಿನ ಮದುವೆಯ ಮಿನಿ ಡಿವಿ ಕ್ಯಾಸೆಟ್ಟುಗಳು ಬೀರುವಿನಲ್ಲಿದ್ದರೆ, ಲಕ್ಷ ರೂಪಾಯಿಯ ಹೊಸ ಯಂತ್ರಕ್ಕೆ ಸುಲಭವಾಗಿ ಆಗದ ಕೆಲಸವನ್ನು ಆ ಹಳೆಯ ಪೆಟ್ಟಿಗೆ ಇಂದಿಗೂ ಮಾಡಬಲ್ಲದು. ಕ್ಯಾಮೆರಾ ಇನ್ನೂ ಓಡುವ ಸ್ಥಿತಿಯಲ್ಲಿರಬೇಕು, ಡಿಸ್ಕಿನಲ್ಲಿ ಕ್ಯಾಸೆಟ್ಟಿಗೆ 13 ಜಿಬಿಯಂತೆ ಜಾಗ ಖಾಲಿಯಿರಬೇಕು. ಒಂದು ಗಂಟೆಯ ಕ್ಯಾಸೆಟ್ ಇಳಿಯಲು ಸರಿಯಾಗಿ ಒಂದು ಗಂಟೆ ಹಿಡಿಯುತ್ತದೆ.